ದಾಖಲೆಗಳ ಶ್ರೇಯಾಂಕ (ಶೋಧಯಂತ್ರ)

ಬಳಕೆದಾರರ ಪ್ರಶ್ನೆಗೆ ಹೊಂದುವ ದಾಖಲೆಗಳನ್ನು ಶೋಧಯಂತ್ರವು (ಸರ್ಚ್ ಎಂಜಿನ್) ಪ್ರಸ್ತುತತೆಯ ಕ್ರಮದಲ್ಲಿ ಜೋಡಿಸುವ ವಿಧಾನವನ್ನು ದಾಖಲೆಗಳ ಶ್ರೇಯಾಂಕ ಎನ್ನುತ್ತಾರೆ. ಪ್ರತಿ ದಾಖಲೆಗೂ ಒಂದು ಅಂಕವನ್ನು ಲೆಕ್ಕಹಾಕಿ, ಹೆಚ್ಚು ಅಂಕ ಪಡೆದುದನ್ನು ಮೊದಲು ತೋರಿಸಲಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವ ಕನ್ನಡದಂತಹ ಭಾಷೆಗಳಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ.

ಅಂಕದ ಲೆಕ್ಕಾಚಾರ

ಅಂಕಕ್ಕೆ ಮುಖ್ಯ ಆಧಾರಗಳು ಎರಡು: ದಾಖಲೆಯಲ್ಲಿ ಪದವು ಎಷ್ಟು ಬಾರಿ ಬಂದಿದೆ ಮತ್ತು ಇಡೀ ಸಂಗ್ರಹದಲ್ಲಿ ಆ ಪದ ಎಷ್ಟು ವಿರಳ. ವಿರಳತೆಗೆ ತೂಕ ಕೊಡುವ ವಿಚಾರವನ್ನು ಬ್ರಿಟನ್ನಿನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದರು. ಒಟ್ಟು ದಾಖಲೆಗಳ ಸಂಖ್ಯೆಯನ್ನು ಪದವಿರುವ ದಾಖಲೆಗಳ ಸಂಖ್ಯೆಯಿಂದ ಭಾಗಿಸಿ, ಅದರ ಲಘುಗಣಕವನ್ನು ತೆಗೆದುಕೊಳ್ಳಲಾಗುತ್ತದೆ. 1,000 ದಾಖಲೆಗಳಲ್ಲಿ ‘ತಾಲ್ಲೂಕು’ 500ರಲ್ಲೂ ‘ಯಲ್ದೂರು’ 10ರಲ್ಲೂ ಇವೆ ಎಂದಿಟ್ಟುಕೊಂಡರೆ, ಮೊದಲನೆಯದರ ತೂಕ ಸುಮಾರು 0.3, ಎರಡನೆಯದರದು 2.

1990ರ ದಶಕದಲ್ಲಿ ರೂಪುಗೊಂಡ ಬಿಎಂ25 ಸೂತ್ರವು ಇದಕ್ಕೆ ಎರಡು ಮಿತಿಗಳನ್ನು ಸೇರಿಸಿತು. ಒಂದೇ ಪದವನ್ನು ಪುನರಾವರ್ತಿಸಿದಷ್ಟೂ ಸಿಗುವ ಹೆಚ್ಚುವರಿ ಅಂಕ ಕುಗ್ಗುತ್ತದೆ. ಉದ್ದವಾದ ದಾಖಲೆಗೆ ಕೇವಲ ಉದ್ದದಿಂದಲೇ ಲಾಭವಾಗುವುದಿಲ್ಲ. ಜಾಲಪುಟಗಳ ಶ್ರೇಯಾಂಕದಲ್ಲಿ, ಇತರ ಪುಟಗಳಿಂದ ಬರುವ ಕೊಂಡಿಗಳನ್ನು ಆಧರಿಸಿದ ಗೂಗಲ್‌ನ ಪೇಜ್‌ರ‍್ಯಾಂಕ್ (1998) ಪ್ರಸಿದ್ಧವಾಗಿದೆ.

ಕನ್ನಡದಲ್ಲಿನ ತೊಡಕುಗಳು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಬರಹಗಳಲ್ಲಿ ‘ಯಲ್ದೂರಿನ’, ‘ಯಲ್ದೂರಿಗೆ’, ‘ಯಲ್ದೂರಿನಲ್ಲಿ’ ಎಂದೂ ಕಾಣಿಸಿಕೊಳ್ಳುತ್ತದೆ. ಪ್ರತ್ಯಯಗಳನ್ನು ಬಿಡಿಸದ ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಮೇಲಿನ 10 ದಾಖಲೆಗಳ ಪೈಕಿ ಆರರಲ್ಲಿ ‘ಯಲ್ದೂರಿನಲ್ಲಿ’ ಎಂದು ಮಾತ್ರ ಇದ್ದರೆ, ‘ಯಲ್ದೂರು’ ಎಂದು ಹುಡುಕುವವರಿಗೆ ಆ ಆರು ಸಿಗುವುದೇ ಇಲ್ಲ. ಜೊತೆಗೆ, ನಾಲ್ಕರಲ್ಲಷ್ಟೇ ಉಳಿದ ಪದದ ತೂಕ 2ರಿಂದ ಸುಮಾರು 2.4ಕ್ಕೆ ಸುಳ್ಳಾಗಿ ಏರುತ್ತದೆ.

ಇದಕ್ಕೆ ಪರಿಹಾರವೆಂದರೆ ಪ್ರತ್ಯಯಗಳನ್ನು ಕಳಚಿ ಮೂಲರೂಪವನ್ನು ಸೂಚಿಯಲ್ಲಿ ದಾಖಲಿಸುವುದು. ಆದರೆ ‘ಇಗೆ’ಯನ್ನು ಕುರುಡಾಗಿ ಕಳಚುವ ನಿಯಮವು ‘ಮಲ್ಲಿಗೆ’, ‘ಹಾಸಿಗೆ’ ಪದಗಳನ್ನೂ ತುಂಡರಿಸುತ್ತದೆ. ಆದ್ದರಿಂದ ನಿಯಮಗಳ ಜೊತೆಗೆ ಪದಕೋಶವೂ ಬೇಕಾಗುತ್ತದೆ. ‘ತಾಲ್ಲೂಕು’–‘ತಾಲೂಕು’, ‘ಮುಳಬಾಗಿಲು’–‘ಮುಳಬಾಗಲು’ ಮೊದಲಾದ ಕಾಗುಣಿತ ಭೇದಗಳನ್ನು ಸಮಾನಪದಗಳ ಪಟ್ಟಿಯಿಂದ ಒಂದುಗೂಡಿಸಬಹುದು.

ಅಂಕಗಳ ನಿರ್ವಹಣೆ

ಶೀರ್ಷಿಕೆಯಲ್ಲಿ ಬಂದ ಪದಕ್ಕೆ ಒಡಲಿನಲ್ಲಿ ಬಂದ ಪದಕ್ಕಿಂತ ಹೆಚ್ಚು ತೂಕ ಕೊಡುವುದು ಸಾಮಾನ್ಯ ಕ್ರಮ. ಅಂಕವು ಒಂದು ಪ್ರಶ್ನೆಯೊಳಗಿನ ಹೋಲಿಕೆಗಷ್ಟೇ ಉಪಯುಕ್ತ. ಒಂದು ಪ್ರಶ್ನೆಯ 8 ಅಂಕವನ್ನು ಮತ್ತೊಂದರ 8ಕ್ಕೆ ಸಮವೆಂದು ಭಾವಿಸಲಾಗದು. ತೂಕಗಳನ್ನು ಬದಲಿಸಿದಾಗಲೆಲ್ಲ, ಉತ್ತರಗಳನ್ನು ಮೊದಲೇ ಗುರುತಿಸಿಟ್ಟ ಪ್ರಶ್ನೆಗಳ ಮೇಲೆ ಫಲಿತಾಂಶವನ್ನು ಪರೀಕ್ಷಿಸಲಾಗುತ್ತದೆ. ಅಂತಹ ಪ್ರಶ್ನೆಗಳಲ್ಲಿ ಸಣ್ಣ ಊರುಗಳ ಹೆಸರುಗಳೂ ವಿಭಕ್ತಿರೂಪಗಳೂ ಇಲ್ಲದಿದ್ದರೆ, ಮೇಲೆ ಹೇಳಿದ ದೋಷಗಳು ಪರೀಕ್ಷೆಯಲ್ಲಿ ಬೆಳಕಿಗೆ ಬರುವುದಿಲ್ಲ.