ಡೊಳ್ಳಿಗೆ ಮಡಿಕೆ, ಸಿತಾರಿಗೆ ಸುರುಳಿ

ಧಾರವಾಡದ ಹತ್ತಿರದ ಒಂದು ಸರ್ಕಾರಿ ಶಾಲೆ. ಬಿಸಿಯೂಟ ಮುಗಿದು ತಟ್ಟೆ ತೊಳೆಯುವ ಸದ್ದು ಅಡಗಿದ ಹೊತ್ತು. ಆರನೇ ತರಗತಿಯ ನೆಲದ ತುಂಬ ಹಳೆಯ ಪ್ರಶ್ನೆಪತ್ರಿಕೆ, ಮದುವೆ ಕಾರ್ಡು, ಒಂದಷ್ಟು ಡ್ರಾಯಿಂಗ್ ಶೀಟು. ನಡುವೆ ಮೈದಾ ಅಂಟಿನ ಡಬ್ಬಿ. ಅಕ್ಕೋರು ತಮ್ಮ ಮೊಬೈಲನ್ನು ಖಾಲಿ ಸ್ಟೀಲ್ ಲೋಟದೊಳಗೆ ಇಳಿಬಿಟ್ಟರು. ಅದೇ ಸ್ಪೀಕರು. ಲೋಟ ಡೊಳ್ಳು ಬಾರಿಸತೊಡಗಿತು.

ಕೇಳಿಸಿದ್ದನ್ನು ಕಾಗದದಲ್ಲಿ ಮಾಡಬೇಕು. ಐದು ನಿಮಿಷಕ್ಕೆ ಹತ್ತು ಡೊಳ್ಳು ತಯಾರು! ಸುತ್ತಿದ ಹಾಳೆ, ಎರಡು ಕಡೆ ಮುಚ್ಚಳ. ಅಕ್ಕೋರು ಒಂದನ್ನೂ ಒಪ್ಪಲಿಲ್ಲ.

“ಡೊಳ್ಳು ಮಾಡಬ್ಯಾಡ್ರಿ. ಅದರ ಸಪ್ಪಳ ಮಾಡ್ರಿ.”

“ಸಪ್ಪಳಕ್ಕ ಆಕಾರ ಎಲ್ಲಿರತೈತ್ರಿ ಅಕ್ಕೋರ?” ಹಿಂದಿನ ಸಾಲಿನಿಂದ ಒಬ್ಬ ಕೇಳಿದ.

ಹುಡುಗ ಕೇಳಿದ್ದು ಹಳೆಯ ಪ್ರಶ್ನೆಯೇ. ರಾಗಮಾಲಾ ಚಿತ್ರಕಾರರು ಒಂದೊಂದು ರಾಗಕ್ಕೂ ಮುಖ, ಋತು, ಹೊತ್ತು ಕೊಟ್ಟು ಬರೆದದ್ದು ಇದೇ ಗುಂಗಿನಲ್ಲಿ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಶೋನ್‌ಬರ್ಗ್‌ನ ಸಂಗೀತ ಕಚೇರಿ ಕೇಳಿ ಬಂದ ಚಿತ್ರಕಾರ ಕ್ಯಾಂಡಿನ್‌ಸ್ಕಿ ಬರೆದ ಚಿತ್ರದಲ್ಲಿ ಪಿಯಾನೊ ಒಂದು ಕಪ್ಪು ಗುಡ್ಡೆ. ಅದರ ಪಕ್ಕದಲ್ಲೇ ಉಕ್ಕಿ ಹರಿಯುವ ಹಳದಿ.

ಇಲ್ಲಿ ಬಣ್ಣವಿಲ್ಲ, ಬೆರಳುಗಳಷ್ಟೇ. ಪ್ರತಿ ಪೆಟ್ಟಿಗೂ ಒಂದು ಮಡಿಕೆ ಹಾಕುತ್ತ ಹೋದ ಹುಡುಗನ ಹಾಳೆ ಬೀಸಣಿಗೆಯಂತಾಯಿತು. ಪೆಟ್ಟು ಜೋರಾದಲ್ಲಿ ಮಡಿಕೆ ಅಗಲ, ಚುರುಕಾದಲ್ಲಿ ಕಿರಿದು. ಎರಡು ಡಬ್ಬಿಗಳ ಮೇಲೆ ಸೇತುವೆಯಂತೆ ಹಾಸಿ ಡಸ್ಟರ್ ಇಟ್ಟ, ಕುಸಿಯಲಿಲ್ಲ. ಪಕ್ಕದವಳ ಹಾಳೆ ಮಾತ್ರ ಮಡಿಕೆಯಲ್ಲೇ ಬಿರಿಯಿತು. ಕಾರಣ ಸರಳ. ಕಾಗದ ಯಂತ್ರದಲ್ಲಿ ತಯಾರಾಗುವಾಗ ಹೆಚ್ಚಿನ ನಾರುಗಳು ಅದು ಓಡುವ ದಿಕ್ಕಿಗೇ ಮಲಗುತ್ತವೆ. ಅತ್ತ ಮಡಿಚಿದರೆ ಗೆರೆ ಎಳೆದಂತೆ ಕೂರುತ್ತದೆ. ಅಡ್ಡ ಮಡಿಚಿದರೆ ಹಟ ಮಾಡುತ್ತದೆ.

ಆಮೇಲೆ ಲೋಟದೊಳಗಿಂದ ಉಸ್ತಾದ್ ಬಾಲೇಖಾನ್ ಅವರ ಸಿತಾರ್. ಧಾರವಾಡದ ಮಕ್ಕಳಿಗೆ ಧಾರವಾಡದ್ದೇ ನಾದ. ಮೀಂಡ್ ಬಂದಾಗ ಅಕ್ಕೋರು ಬೆರಳೆತ್ತಿ ತೋರಿಸಿದರು: ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದರೆ ಸ್ವರ ಜಾರುತ್ತದೆ, ಮುರಿಯುವುದಿಲ್ಲ. ಹಾಗಾಗಿ ಮಡಿಕೆಗೆ ಇಲ್ಲಿ ಕೆಲಸವಿಲ್ಲ. ಉದ್ದನೆಯ ಪಟ್ಟಿಯನ್ನು ಸ್ಕೇಲಿನ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ಸರ್ರನೆ ಎಳೆದರು. ಬಿಟ್ಟೊಡನೆ ಸುರುಳಿ. ಹಗುರವಾಗಿ ಒತ್ತಿದರೆ ದೊಡ್ಡದು, ಒತ್ತಿ ಎಳೆದರೆ ಬಿಗಿ. ಹತ್ತು ನಿಮಿಷದಲ್ಲಿ ತರಗತಿಯೆಲ್ಲ ಸುರುಳಿಮಯ, ಅರ್ಧ ಸ್ಕೇಲುಗಳಿಗೆ ಅಂಟು.

ಕಿಟಕಿಯ ಪಕ್ಕದ ಹುಡುಗಿ ಮಾತ್ರ ಮಡಿಚಲಿಲ್ಲ, ಸುತ್ತಲಿಲ್ಲ. ಪಟ್ಟಿಗೆ ಪಟ್ಟಿ ಅಂಟಿಸುತ್ತ, ಎಲ್ಲರ ಕೆಲಸದ ಸುತ್ತಲೂ ಒಂದೇ ಎತ್ತರದ ಗೋಡೆಯಂತೆ ನಿಲ್ಲಿಸಿಕೊಂಡು ಬಂದಳು.

“ಇದೇನವಾ?”

“ಹಿಂದ ಒಂದ ಸಮ ಗುಂಯ್ ಅಂತೈತಲ್ರೀ, ಅದು.”

ತಂಬೂರಿ! ನಾನು ಅಷ್ಟು ಹೊತ್ತೂ ಕೇಳಿಸಿಕೊಂಡೇ ಇರಲಿಲ್ಲ.

ಮಾತಿನ ನಡುವೆ ಅಕ್ಕೋರನ್ನು ಕೇಳಿದೆ, ಯಾವ ಕಾಗದ ಒಳ್ಳೆಯದು ಎಂದು. ಮದುವೆ ಕಾರ್ಡಂತೆ. ದಪ್ಪನೆಯ ಹಾಳೆ, ಮಡಿಕೆ ಗಟ್ಟಿಯಾಗಿ ಹಿಡಿಯುತ್ತದೆ, ಒಳಮೈ ಬಿಳಿ. ನಿಮ್ಮ ಮನೆಯ ಕಪಾಟಿನಲ್ಲಿ ರಾಶಿ ಬಿದ್ದಿದ್ದರೆ ಈ ಸಲ ರದ್ದಿಗೆ ಹಾಕಬೇಡಿ; ಹತ್ತಿರದ ಶಾಲೆಗೆ ಕೊಟ್ಟುಬನ್ನಿ.