ಭೂತಾನದಲ್ಲಿ ಕಂಡ ಕಾಯಕ

ಹಿಮಾಲಯದ ಮಡಿಲಿನಲ್ಲಿರುವ ಭೂತಾನವನ್ನು ಒಮ್ಮೆ ನೋಡಬೇಕೆಂಬ ಬಯಕೆ ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಬೈಲಕುಪ್ಪೆಯಲ್ಲಿ 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ಬೌದ್ಧವಿಹಾರಕ್ಕೆ ಹೋದಾಗ, ಅಲ್ಲಿ ಓದುತ್ತಿದ್ದ ಭೂತಾನದ ಭಿಕ್ಷುಗಳು ತಮ್ಮ ನಾಡಿನ ವಿಷಯವನ್ನು ಹೇಳುತ್ತಿದ್ದರು. 2023ರ ವಸಂತದಲ್ಲಿ ಆ ಯೋಗ ಕೂಡಿಬಂದಿತು. ಏಳು ಮಂದಿ ಹಿರಿಯರು ಜೊತೆಗೂಡಿ ಬಾಗ್‌ಡೋಗ್ರಾದವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಸ್ತೆಯ ಮೂಲಕ ಗಡಿಯ ಜೈಗಾಂವ್ ಸೇರಿ, ಫುಂಟ್‌ಶೋಲಿಂಗ್ ಪಟ್ಟಣಕ್ಕೆ ಕಾಲಿಟ್ಟೆವು. ಭಾರತೀಯರಿಗೆ ವೀಸಾ ಬೇಕಿಲ್ಲ; ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಅನುಮತಿಪತ್ರ ಪಡೆದರೆ ಸಾಕು. ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿಯ ಶುಲ್ಕ 2022ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿದೆ.

ನಿರಾಮಿಷಾಹಾರಿಗಳಾದ ನಮಗೆ ಪ್ರಸಾದದ ಚಿಂತೆ ಇದ್ದಿತು. ಆದರೆ ಕೆಂಪಕ್ಕಿಯ ಅನ್ನವೂ, ಮೆಣಸಿನಕಾಯಿಯನ್ನು ಗಿಣ್ಣಿನೊಡನೆ ಬೇಯಿಸಿದ 'ಎಮಾ ದಾತ್ಶಿ' ಎಂಬ ಪಲ್ಯವೂ ಎಲ್ಲೆಡೆ ದೊರೆತವು. ಅಲ್ಲಿಯವರಿಗೆ ಮೆಣಸಿನಕಾಯಿ ಮಸಾಲೆಯಲ್ಲ, ತರಕಾರಿ! ಉತ್ತರ ಕರ್ನಾಟಕದ ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಗಳೂ ಮೊದಲ ದಿನ ನೀರು ಬೇಡಿದವು.

ರಾಜಧಾನಿ ಥಿಂಪುವಿನಲ್ಲಿ ನಾವು ಮೊದಲು ನೋಡಿದ್ದು ಕರಕುಶಲ ವಿದ್ಯೆಗಳ ಶಾಲೆಯನ್ನು. ಭೂತಾನೀಯರು ತಮ್ಮ ಪರಂಪರೆಯ ಕಲೆಗಳನ್ನು ಹದಿಮೂರು ಎಂದು ಎಣಿಸಿ 'ಜೋರಿಗ್ ಚುಸುಮ್' ಎಂದು ಕರೆಯುತ್ತಾರೆ. ಬಡಗಿತನ, ಕಲ್ಲುಕೆಲಸ, ಕಮ್ಮಾರಿಕೆ, ನೇಯ್ಗೆ, ಬಿದಿರು ಹೆಣೆಯುವುದು, ಕಾಗದ ಮಾಡುವುದು ಮೊದಲಾದವು ಅಲ್ಲಿ ಚಿತ್ರಕಲೆ, ಶಿಲ್ಪಗಳ ಸರಿಸಮಾನ. ಒಂದು ಕೋಣೆಯಲ್ಲಿ ಎಳೆಯರು ಗೆರೆಗಳ ಚೌಕಟ್ಟು ಹಾಕಿಕೊಂಡು ಬುದ್ಧನ ಮುಖವನ್ನು ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು ನಡೆದಿತ್ತು. ಪಕ್ಕದ ಕೋಣೆಯಲ್ಲಿ ಉಳಿಯ ಸದ್ದು. ಮರದ ಹೊಟ್ಟಿನ ವಾಸನೆ ಮೂಗಿಗೆ ಬಂದೊಡನೆ ನಮಗೆ ಬಾಚಿ ಕಾಯಕದ ಬಸವಣ್ಣನವರ ನೆನಪಾಯಿತು. ಅಂಬಿಗನೂ ಬಡಗಿಯೂ ನೇಕಾರನೂ ಒಂದೇ ಅನುಭವ ಮಂಟಪದಲ್ಲಿ ಕುಳಿತ ಪರಂಪರೆಯವರಾದ ನಮಗೆ ಈ ಎಣಿಕೆ ಹೊಸದೆನಿಸಲಿಲ್ಲ.

ಮೂರನೆಯ ದಿನ 108 ಸ್ತೂಪಗಳ ದೋಚುಲಾ ಕಣಿವೆಯ ಮಂಜನ್ನು ದಾಟಿ ಪುನಾಖಾಕ್ಕೆ ಇಳಿದೆವು. ಫೋ ಛು, ಮೋ ಛು ಎಂಬ ಎರಡು ನದಿಗಳು ಕೂಡುವೆಡೆಯಲ್ಲಿ ಬೆಳ್ಳಗಿನ ಭಾರಿ ಗೋಡೆಗಳ ಕೋಟೆಯೊಂದು ನಿಂತಿದೆ. ಇದನ್ನು 'ಜೊಂಗ್' ಎನ್ನುತ್ತಾರೆ. ಒಂದೇ ಆವರಣದಲ್ಲಿ ಅರ್ಧ ಮಠ, ಅರ್ಧ ಸರಕಾರಿ ಕಚೇರಿ! 1637ರ ಸುಮಾರಿಗೆ ಶಬ್‌ದ್ರುಂಗ್ ನವಾಂಗ್ ನಾಮ್‌ಗ್ಯಾಲ್ ಎಂಬ ಗುರು ಇದನ್ನು ಕಟ್ಟಿಸಿದನು. 1907ರಲ್ಲಿ ಭೂತಾನದ ಮೊದಲನೆಯ ಅರಸನ ಪಟ್ಟಾಭಿಷೇಕ ನಡೆದುದೂ ಇಲ್ಲಿಯೇ. ಈ ಕೋಟೆ ಹಲವು ಬಾರಿ ಬೆಂಕಿಗೆ ತುತ್ತಾಗಿದೆ. 1897ರ ಭೂಕಂಪಕ್ಕೆ ನಡುಗಿದೆ. 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಬಂದ ಪ್ರವಾಹಕ್ಕೆ ಪೆಟ್ಟು ತಿಂದಿದೆ. ಆದರೂ ಪ್ರತಿಸಲವೂ ಹಿಂದಿನಂತೆಯೇ ಎದ್ದು ನಿಂತಿದೆ.

ಈ ಮಾತಿನ ಪೂರ್ಣ ಅರ್ಥ ನಮಗಾದುದು ಪಾರೋ ಕಣಿವೆಯ ತಕ್ತ್ಸಾಂಗ್ ವಿಹಾರದಲ್ಲಿ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವನು ಹೆಣ್ಣುಹುಲಿಯನ್ನೇರಿ ಬಂದು ತಪಸ್ಸು ಮಾಡಿದನೆಂದು ಭಕ್ತರು ನಂಬುವ ಗವಿಯ ಸುತ್ತ, 1692ರಲ್ಲಿ ತೆನ್‌ಜಿನ್ ರಬ್‌ಗ್ಯೆ ಎಂಬ ಆಡಳಿತಗಾರ ಇದನ್ನು ಕಟ್ಟಿಸಿದನು. ಹದಿಮೂರು ಕಲೆಗಳನ್ನು ಕ್ರಮಪಡಿಸಿದವನೂ ಇವನೇ ಎಂದು ಅಲ್ಲಿ ಹೇಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದ ಕಡಿದಾದ ಬಂಡೆಗೆ ಅಂಟಿಕೊಂಡಂತಿರುವ ಅದನ್ನು ಕೆಳಗಿನಿಂದ ಕಂಡೊಡನೆ ನಮ್ಮಲ್ಲಿ ಇಬ್ಬರು ಕೈಮುಗಿದು ಅಲ್ಲಿಯೇ ಉಳಿದರು. ನಾವು ಮಾತ್ರ ಕೋಲೂರಿ ಹೊರಟೆವು. ಅರ್ಧದಾರಿಯಲ್ಲಿ ಮೊಣಕಾಲು ಹಟ ಹಿಡಿಯಿತು. ಮಣಿಚಕ್ರ ತಿರುಗಿಸುತ್ತ, ಆರಕ್ಷರದ ಮಂತ್ರವನ್ನು ಜಪಿಸುತ್ತ ಬಂದ ಮುದುಕಿಯೊಬ್ಬಳು ನಮ್ಮನ್ನು ನೋಡಿ ನಕ್ಕು ಮುಂದೆ ನಡೆದಳು. ನಾವೂ ನಮ್ಮ ಷಡಕ್ಷರಿಯನ್ನು ನೆನೆಯುತ್ತ ಅವಳ ಹಿಂದೆ ಹೆಜ್ಜೆಯಿಟ್ಟೆವು.

ಒಳಗೆ ದೀಪದ ಬೆಳಕಿನಲ್ಲಿ ತೊಲೆಗಳನ್ನು ನೋಡುತ್ತ ನಿಂತಿದ್ದೆವು. ಮಾರ್ಗದರ್ಶಕ ತರುಣನು, "ಇದೆಲ್ಲ ಹೊಸದು" ಎಂದನು. 1998ರ ಏಪ್ರಿಲ್ 19ರಂದು ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತಂತೆ. 2005ರ ವೇಳೆಗೆ ಅದೇ ಬಂಡೆಯ ಮೇಲೆ ಹಳೆಯ ರೀತಿಯಲ್ಲಿಯೇ ಮತ್ತೆ ಕಟ್ಟಿದರು. ಕಟ್ಟಡ ಸುಟ್ಟರೂ ಕಟ್ಟುವ ವಿದ್ಯೆ ಸುಟ್ಟಿರಲಿಲ್ಲ. ಅದು ಜನರ ಕೈಯಲ್ಲಿ ಉಳಿದಿತ್ತು.

ಆಗ ನಮ್ಮ ಮನಸ್ಸಿಗೆ ಚುಚ್ಚಿದ ಸಂಗತಿಯನ್ನು ಮುಚ್ಚಿಡಲಾರೆವು. ನಾವು ಬಾಲ್ಯದಲ್ಲಿ ಓದಿದ ಮಠದಲ್ಲಿ ಕೆತ್ತನೆಯ ಕಂಬಗಳ ಪಡಸಾಲೆಯೊಂದಿತ್ತು. ಎರಡು ತೊಲೆ ಗೆದ್ದಲು ಹಿಡಿದುವೆಂದು ಇಡೀ ಪಡಸಾಲೆಯನ್ನು ಕೆಡವಿ ಕಾಂಕ್ರೀಟಿನ ಸಭಾಂಗಣ ಕಟ್ಟಲಾಯಿತು. ಆ ಸಭೆಯಲ್ಲಿ ಒಪ್ಪಿಗೆಯ ಕೈಯೆತ್ತಿದವರಲ್ಲಿ ನಾವೂ ಒಬ್ಬರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ. ಊರ ಬಡಗಿಯನ್ನು ಕರೆದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ, ಅಷ್ಟೆ.

ಭೂತಾನದಲ್ಲಿ ಎಲ್ಲವೂ ಸುಖಮಯವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಒಟ್ಟು ರಾಷ್ಟ್ರೀಯ ಸಂತೋಷವೇ ತನ್ನ ಗುರಿಯೆಂದು ಸಾರಿದ ಈ ರಾಜ್ಯ 1989ರಲ್ಲಿ ರಾಷ್ಟ್ರೀಯ ಉಡುಪನ್ನು ಎಲ್ಲರಿಗೂ ಕಡ್ಡಾಯಗೊಳಿಸಿತು. ಶಾಲೆಗಳಿಂದ ನೇಪಾಳಿ ಭಾಷೆಯನ್ನು ತೆಗೆಯಿತು. ಮುಂದಿನ ವರ್ಷಗಳಲ್ಲಿ ದಕ್ಷಿಣದ ನೇಪಾಳಿ ಭಾಷಿಕರು ಲಕ್ಷದಷ್ಟು ಮಂದಿ ಮನೆಮಠ ಕಳೆದುಕೊಂಡು ನೇಪಾಳದ ಶಿಬಿರಗಳನ್ನು ಸೇರಿದರು. ಇತ್ತೀಚೆಗೆ ಸಾವಿರಾರು ತರುಣರು ಉದ್ಯೋಗ, ವಿದ್ಯೆಗಳನ್ನು ಅರಸಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ನಮ್ಮ ಮಾರ್ಗದರ್ಶಕನ ಅಣ್ಣನೂ ಅಲ್ಲಿಯೇ ಇದ್ದನು. ಆಜ್ಞೆಯಿಂದ ಉಡುಪನ್ನು ಉಳಿಸಬಹುದು, ಜನರನ್ನು ಉಳಿಸಲಾಗದು. ಉಳಿಯುವುದು ಪ್ರೀತಿಯಿಂದ ಕಲಿತ ಕಾಯಕವೊಂದೇ.

ಊರಿಗೆ ಮರಳಿದ ಮರುವಾರ ಮಠದ ಉಗ್ರಾಣವನ್ನು ತೆಗೆಸಿದೆವು. ಹಳೆಯ ಪಡಸಾಲೆಯ ನಾಲ್ಕು ಕಂಬಗಳು ಧೂಳಿನಲ್ಲಿ ಮಲಗಿದ್ದವು. ಊರಿನ ಹಿರಿಯ ಬಡಗಿಯೊಬ್ಬರನ್ನು ಕರೆತಂದು ತೋರಿಸಿದಾಗ ಅವರು ಕೆತ್ತನೆಯ ಮೇಲೆ ಕೈಯಾಡಿಸಿ, "ಇದು ನಮ್ಮ ಅಜ್ಜನ ಉಳಿಯ ಗುರುತು" ಎಂದರು. ಈಗ ಮಠದ ಪ್ರಸಾದನಿಲಯದ ಇಬ್ಬರು ಹುಡುಗರು ಭಾನುವಾರಗಳಂದು ಅವರ ಬಳಿ ಉಳಿ ಹಿಡಿಯುವುದನ್ನು ಕಲಿಯುತ್ತಿದ್ದಾರೆ. ತಮ್ಮ ಊರಿನ ಮಠ, ಗುಡಿಗಳನ್ನು ಜೀರ್ಣೋದ್ಧಾರ ಮಾಡಹೊರಟ ಭಕ್ತರು ಕೆಡವುವ ಮುನ್ನ ಒಬ್ಬ ಬಡಗಿಯ ಮನೆಯ ಬಾಗಿಲನ್ನು ತಟ್ಟಲಿ ಎಂಬುದೇ ನಮ್ಮ ಪ್ರಾರ್ಥನೆ.