ಕಡಲ ದಂಡೆಯ ಹಳೇ ಮನೆ: ಕೆಡವುವ ಮುನ್ನ ಯೋಚಿಸಿ

ಕಾಪು, ಮಲ್ಪೆ ಕಡೆ ದಂಡೆಯ ಹಳೇ ಹಂಚಿನ ಮನೆ ಅಂದ್ರೆ ಈಗ ಹೋಂಸ್ಟೇ, ರೆಸಾರ್ಟ್‌ನವರಿಗೆ ಬಲು ಇಷ್ಟ. ಆದರೆ ಪಾಲಾಗಿ ಬೀಗ ಬಿದ್ದ ಮನೆಯನ್ನು ಕೆಡವಿ, ಜಾಗ ಮಾರಿದರಾಯ್ತು ಎನ್ನುವ ಕುಟುಂಬಗಳೂ ಇವೆ.

ಇಂಥ ಮನೆಗಳ ಬೆಲೆ ಅರಿತವರು ಮಣಿಪಾಲದ ವಿಜಯನಾಥ ಶೆಣೈ. ಸಿಂಡಿಕೇಟ್ ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು, ಕೆಡವಲು ಹೊರಟಿದ್ದ ಮನೆಗಳ ಕಂಬ, ತೊಲೆ, ಬಾಗಿಲು ಬಿಚ್ಚಿ ತಂದು ಮಣ್ಣಪಳ್ಳದ ಬಳಿ ಮರುಜೋಡಿಸಿದರು. ಅದೇ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಕುಂಜೂರಿನ ಚೌಕಿಮನೆ, ಕಾರ್ಕಳ ಬಳಿಯ ಮಿಯಾರಿನ ಮನೆ, ಕಡಲ ವ್ಯಾಪಾರಕ್ಕೆ ಹೆಸರಾದ ಭಟ್ಕಳ ನವಾಯತರ ಮನೆ ಅಲ್ಲಿವೆ. ಶೆಣೈ 2017ರಲ್ಲಿ ತೀರಿಕೊಂಡರು, ಮನೆಗಳು ಉಳಿದಿವೆ.

ಹಾಗಂತ ಎಲ್ಲ ಮನೆಯನ್ನೂ ಹೊತ್ತೊಯ್ಯಲಾಗದು. ಇದ್ದಲ್ಲೇ ಉಳಿಸಿಕೊಳ್ಳಲು ಕಾನೂನಿನ ಕಾರಣವೂ ಇದೆ. ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮದ ಪ್ರಕಾರ ಗ್ರಾಮೀಣ ದಂಡೆಯ ನಿಷೇಧಿತ ಪಟ್ಟಿಯಲ್ಲಿ ಹೊಸ ಕಾಂಕ್ರೀಟ್ ಕಟ್ಟಡಕ್ಕೆ ಸಾಮಾನ್ಯವಾಗಿ ಅನುಮತಿ ಸಿಗದು. ಅಧಿಕೃತ ಹಳೇ ಮನೆಯನ್ನು ಮಾತ್ರ ಅದರ ಪಂಚಾಂಗದ ಅಳತೆ ಮೀರದಂತೆ ದುರಸ್ತಿ ಮಾಡಬಹುದು.

ಅಂದರೆ ದಂಡೆಯಲ್ಲಿ ಬರೀ ಜಾಗಕ್ಕಿಂತ, ದಾಖಲೆ ಸರಿಯಿರುವ ಹಳೇ ಮನೆಯೇ ಆಸ್ತಿ. ಗೋಡೆಗೆ ಜೆಸಿಬಿ ತಾಗಿಸುವ ಮುನ್ನ ಸಿಆರ್‌ಝಡ್ ಕಚೇರಿಯಲ್ಲೊಮ್ಮೆ ವಿಚಾರಿಸುವುದು ಒಳ್ಳೆಯದು.